ಕ್ರೇನಿನವಳ ಬಾಣಂತನ

ಮಾರ್ಚ್ ೪
ತೂಕ: ೮೧.೬

ಇದು ಕ್ರೇನಿನ ದಾಖಲೆ ಪುಸ್ತಕ. ದಿನಾಂಕ, ತೂಕ, ಗಾಳಿ, ಷರಾ ಎಂದು ನಾಲ್ಕು ಮನೆಗಳು. ಹೆರಿಗೆ ರಜೆಗೆ ಬರುವಾಗ ಚೀಲದೊಳಗೆ ಹೇಗೋ ಸೇರಿಕೊಂಡು ಬಂದಿತ್ತು. ಒಂದಕ್ಷರವೂ ಬರೆದಿಲ್ಲ. ಎತ್ತಿದ ಕಬ್ಬಿಣ, ಕಾಂಕ್ರೀಟುಗಳ ತೂಕ ಬರೆಯುವ ಜಾಗದಲ್ಲಿ ಇವತ್ತಿನಿಂದ ನನ್ನ ತೂಕ ಬರೆಯುತ್ತೇನೆ. ಯಾರಿಗೂ ತೋರಿಸುವುದಕ್ಕಲ್ಲ.

ಬೆಳಿಗ್ಗೆ ಮಗಳನ್ನು ಎದೆಗೆ ಕಟ್ಟಿಕೊಂಡು ಸೈಟಿಗೆ ಹೋಗಿದ್ದೆ. ಎಂಟು ವಾರದ ಕೂಸು, ಎಲ್ಲರೂ ನೋಡಬೇಕೆಂದಿದ್ದರು. ಕಟ್ಟಡ ನಾನು ಬಿಟ್ಟಾಗ ಇದ್ದುದಕ್ಕಿಂತ ನಾಲ್ಕು ಮಹಡಿ ಮೇಲೆದ್ದಿದೆ. ನನ್ನ ಕ್ರೇನು ಅದರ ಪಕ್ಕದಲ್ಲಿ ಹಾಗೆಯೇ ನಿಂತಿದೆ, ಬೇರೆ ಯಾರೋ ಅದರೊಳಗೆ ಕೂತಿದ್ದಾರೆ.

ಸೀಟಿ ಅಣ್ಣ ಓಡಿ ಬಂದರು. ಕೆಳಗೆ ನಿಂತು ಸೀಟಿ ಊದಿ, ಕೈಸನ್ನೆ ಮಾಡಿ, ಒಂಬತ್ತು ವರ್ಷದಿಂದ ನನ್ನ ಕೊಕ್ಕೆಗೆ ದಾರಿ ತೋರಿಸುತ್ತಿರುವವರು ಅವರು. ಮಗುವನ್ನು ಮುದ್ದಾಡಿ, ಗೂಟದಿಂದ ನನ್ನ ಸುರಕ್ಷಾ ಬೆಲ್ಟು ತೆಗೆದುಕೊಟ್ಟರು. "ಹಾಕಿ ನೋಡು ತಂಗಿ. ನಿಂದೇ. ಯಾರನ್ನೂ ಮುಟ್ಟೋಕೆ ಬಿಟ್ಟಿಲ್ಲ."

ಮಗುವನ್ನು ಅವರ ಕೈಗೆ ಕೊಟ್ಟು ಹಾಕಿಕೊಂಡೆ. ತೊಡೆಯ ಪಟ್ಟಿ ಕೂಡಲಿಲ್ಲ. ಉಸಿರು ಬಿಗಿಹಿಡಿದು ಎಳೆದರೂ ನಾಲ್ಕು ಬೆರಳು ಅಂತರ. ಸೀಟಿ ಅಣ್ಣ ತಲೆಯೆತ್ತಿ, ಮೋಡವೇ ಇಲ್ಲದ ಆಕಾಶದಲ್ಲಿ ಮೋಡ ಹುಡುಕುತ್ತಾ ನಿಂತರು. ಅವರ ಹಿಂದೆಯೇ ಇದ್ದ ಸೇಫ್ಟಿ ಸಾಹೇಬರು ಮಾತ್ರ ಎಲ್ಲವನ್ನೂ ನೋಡಿದರು.

"ಜೂನ್ ಎರಡಕ್ಕೆ ನಿಮ್ಮ ರಜೆ ಮುಗಿಯುತ್ತೆ. ಅವತ್ತೇ ಏಣಿ ಪರೀಕ್ಷೆ. ಇನ್ನೂರ ಹತ್ತು ಮೆಟ್ಟಿಲು, ಹದಿನೈದು ನಿಮಿಷ, ಆಮೇಲೆ ಡಾಕ್ಟರು ನಾಡಿ ನೋಡ್ತಾರೆ. ಆಗದಿದ್ರೆ ಬೇಜಾರು ಮಾಡ್ಕೋಬೇಡಿ. ಸ್ಟೋರಲ್ಲಿ ಕೂತು ಮಾಡೋ ಕೆಲಸ ಇದೆ."

ಸ್ಟೋರಿಗೆ ಒಂದು ಕಿಟಕಿಯೂ ಇಲ್ಲ. ನಟ್ಟು ಎಣಿಸುವುದು, ಬೋಲ್ಟು ಎಣಿಸುವುದು. ಒಂಬತ್ತು ವರ್ಷ ಇಡೀ ಊರನ್ನು ಕಾಲ ಕೆಳಗೆ ಇಟ್ಟುಕೊಂಡು ಕೂತವಳು ನಾನು.

ಬೆಲ್ಟು ಕೂಡಬೇಕು. ಅಷ್ಟೇ.

ಮಾರ್ಚ್ ೬
ತೂಕ: ೮೧.೪

ಪಥ್ಯ ಶುರು. ಬೆಳಿಗ್ಗೆ ನಿಂಬೆನೀರು, ಹನ್ನೊಂದಕ್ಕೆ ಒಂದು ಸೌತೆಕಾಯಿ, ಮಧ್ಯಾಹ್ನ ಒಂದು ಬಟ್ಟಲು ತರಕಾರಿ ಸೂಪು, ಸಂಜೆ ಸಕ್ಕರೆಯಿಲ್ಲದ ಟೀ, ರಾತ್ರಿ ಒಂದು ಸೇಬು. ಕೆಳಮನೆಯ ದರ್ಜಿಯಮ್ಮ ಹೇಳಿಕೊಟ್ಟದ್ದು. ಮಗನ ಮದುವೆಗೆ ಮುಂಚೆ ಅವರು ಒಂದೇ ತಿಂಗಳಲ್ಲಿ ಒಂಬತ್ತು ಕಿಲೋ ಇಳಿಸಿದ್ದರಂತೆ. ಆ ಮಗ ಆಗ ಎದೆಹಾಲು ಕುಡಿಯುತ್ತಿರಲಿಲ್ಲ ಎನ್ನುವುದು ನನಗೆ ಹೊಳೆಯಿತು. ಹೊಳೆದದ್ದನ್ನು ಅಲ್ಲಿಯೇ ಬಿಟ್ಟೆ.

ಅಡ್ಡಿ ಒಂದೇ, ಅತ್ತೆ. ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷ ಅಡುಗೆ ಮಾಡಿ ನಿವೃತ್ತರಾದವರು. ಸಣ್ಣ ತಟ್ಟೆಗೆ ಬಡಿಸಿ ಅವರಿಗೆ ಅಭ್ಯಾಸವೇ ಇಲ್ಲ. ನನ್ನ ಗಂಡ ತಾವು ಕೆಲಸ ಮಾಡುವ ಬೇಕರಿಯಿಂದ ತರುವ ಬ್ರೆಡ್ಡಿಗೆ ಎರಡೂ ಕಡೆ ಬೆಣ್ಣೆ ಬಳಿದು, ಮೇಲೆ ಜಾಮು ಹಚ್ಚಿ, ಪಕ್ಕದಲ್ಲೊಂದು ಕೇಕಿನ ತುಂಡು ಇಟ್ಟು, "ಇಬ್ಬರ ಊಟ ಕಣೇ, ಒಬ್ಬಳು ತಿಂದ ಹಾಗೆ ತಿನ್ಬೇಡ" ಎನ್ನುತ್ತಾ ಎದುರಿಗೇ ಕೂರುತ್ತಾರೆ. ಅವರು ಒಲೆಯ ಕಡೆ ತಿರುಗಿದಾಗ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಮಗುವಿನ ಗಾಡಿ ತಳ್ಳಿಕೊಂಡು ಪಾರ್ಕಿಗೆ ಹೋದಾಗ ಕೊಳದ ಬಾತುಗಳಿಗೆ ಹಾಕಿ ಬಂದೆ.

ಒಂದು ಗಂಟೆ ನಡಿಗೆ. ನಾಳೆ ಎರಡು.

ಮಾರ್ಚ್ ೧೩
ತೂಕ: ೭೯.೦

ಎಪ್ಪತ್ತರ ಮನೆಗೆ ಬಂದೆ. ಇವರಿಗೆ ಹೇಳಬೇಕೆನ್ನಿಸಿತು, ಹೇಳಲಿಲ್ಲ. ಬೆಳಗಿನ ಜಾವ ಬೇಕರಿಗೆ ಹೋಗಿ ಮಧ್ಯಾಹ್ನ ಮೈಯೆಲ್ಲಾ ಬ್ರೆಡ್ಡಿನ ವಾಸನೆ ಹೊತ್ತು ಬರುತ್ತಾರೆ. ಆ ವಾಸನೆಗೆ ನನಗೆ ಅಳು ಬರುತ್ತದೆ. ಇವತ್ತು ಅವರು ಅಪ್ಪಿಕೊಳ್ಳಲು ಬಂದಾಗ, "ಮೊದಲು ಸ್ನಾನ ಮಾಡ್ರೀ" ಎಂದೆ. ಪಾಪ, ಮುಖ ಸಣ್ಣದಾಯಿತು.

ಮಗಳು ಇಡೀ ದಿನ ಕಿರಿಕಿರಿ. ಅತ್ತೆ ಅವಳಿಗೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದಾರೆ. "ಕೈಯಲ್ಲಿ ಒಂದು ಕೆಲಸ ಮಾಡಲ್ಲ, ಎಲ್ಲರನ್ನೂ ಕುಣಿಸ್ತಾಳೆ. ಮೇಸ್ತ್ರಿ ಅಲ್ದೆ ಮತ್ತೇನು?" ಮೇಸ್ತ್ರಿಗೆ ಇವತ್ತು ನನ್ನ ಕೆಲಸ ಒಂದೂ ಹಿಡಿಸಲಿಲ್ಲ. ಹತ್ತು ನಿಮಿಷ ಕುಡಿಯುತ್ತಾಳೆ, ಬಿಟ್ಟು ಚೀರುತ್ತಾಳೆ, ಮತ್ತೆ ಬಾಯಿ ಹಾಕುತ್ತಾಳೆ.

ಮಾರ್ಚ್ ೧೬
ತೂಕ: ೭೮.೩

ತಲೆನೋವು. ಸೌತೆಕಾಯಿ ನೋಡಿದರೆ ಸಿಟ್ಟು ಬರುತ್ತಿದೆ. ಬಾತುಗಳು ದಪ್ಪಗಾಗುತ್ತಿವೆ.

ಮಾರ್ಚ್ ೧೮
ತೂಕ: ೭೭.೯

ಚಿಕಿತ್ಸಾಲಯದಲ್ಲಿ ಮೇಸ್ತ್ರಿಯ ತೂಕ ನೋಡಿದರು. ಹದಿನೈದು ದಿನದ ಹಿಂದೆ ಐದು ಕಿಲೋ ನೂರು ಗ್ರಾಂ. ಇವತ್ತು ಐದು ಕಿಲೋ ನೂರ ಅರವತ್ತು.

ತೂಕದ ನರ್ಸು ಮುಳ್ಳನ್ನು ನೋಡಿದರು, ಚೀಟಿ ನೋಡಿದರು, ಮತ್ತೆ ಮುಳ್ಳನ್ನು ನೋಡಿದರು. ಇನ್ನೊಮ್ಮೆ ಮಲಗಿಸಿ ತೂಗಿದರು. ಅದೇ.

"ಎರಡು ವಾರಕ್ಕೆ ಅರವತ್ತೇ ಗ್ರಾಂ ಏರಿದ್ದು ಕಮ್ಮಿಯಾಯ್ತಮ್ಮ. ಮುನ್ನೂರಾದ್ರೂ ಏರಬೇಕಿತ್ತು. ಹಾಲು ಸಾಕಾಗ್ತಿದೆಯಾ? ನೀವು ಊಟ ಸರಿಯಾಗಿ ಮಾಡ್ತಿದ್ದೀರಾ?"

"ಮಾಡ್ತಿದ್ದೀನಿ. ಅತ್ತೆ ಇಬ್ಬರ ಊಟ ಹಾಕ್ತಾರೆ" ಎಂದೆ.

ಹಾಕುತ್ತಾರೆ ಎನ್ನುವುದು ಸುಳ್ಳಲ್ಲ.

"ಬುಧವಾರ ಮತ್ತೆ ಕರ್ಕೊಂಡು ಬನ್ನಿ" ಎಂದರು. ಮನೆಗೆ ಬರುವವರೆಗೂ ಗಾಡಿಯೊಳಗೆ ನೋಡುವ ಧೈರ್ಯವಾಗಲಿಲ್ಲ. ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ನಾನು ಮೂರೂವರೆ ಕಿಲೋ ಇಳಿದಿದ್ದೇನೆ, ಅವಳು ಅರವತ್ತು ಗ್ರಾಂ ಏರಿದ್ದಾಳೆ. ಇದಕ್ಕೂ ಅದಕ್ಕೂ ಸಂಬಂಧವಿರಲಾರದು. ಕೆಲವು ಮಕ್ಕಳು ನಿಧಾನ. ಜೂನ್ ಎರಡಕ್ಕೆ ಹನ್ನೊಂದು ವಾರ ಮಾತ್ರ ಇದೆ.

ಮಾರ್ಚ್ ೨೧

ತೂಕ ನೋಡಲಿಲ್ಲ. ಏನೇನು ನಡೆಯಿತೋ ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನಾನೇ ಬದಲಾಯಿಸಿಕೊಳ್ಳುತ್ತೇನೆ.

ಅತ್ತೆ, "ನಾನೂ ಬರ್ತೀನಿ, ಮಂಡಿ ಹಿಡ್ಕೊಂಡಿದೆ, ನಾಲ್ಕು ಹೆಜ್ಜೆ ಹಾಕಿದ್ರೆ ಬಿಡುತ್ತೆ" ಎಂದು ಪಾರ್ಕಿಗೆ ಹೊರಟರು. ಬೇಡವೆನ್ನಲು ಕಾರಣ ಸಿಗಲಿಲ್ಲ. ಕೊಳದ ತಿರುವಿಗೆ ಬಂದದ್ದೇ ತಡ, ಹದಿನೈದು ಇಪ್ಪತ್ತು ಬಾತುಗಳು ನೀರಿನಿಂದ ಎದ್ದು ರೆಕ್ಕೆ ಬಡಿಯುತ್ತಾ ನೇರ ನನ್ನ ಕಡೆಗೇ ಓಡಿ ಬಂದವು. ಅಲ್ಲಿ ಹತ್ತು ಜನರಿದ್ದರು. ಒಂದು ಬಾತೂ ಬೇರೆಯವರನ್ನು ತಿರುಗಿ ನೋಡಲಿಲ್ಲ. ಒಂದಂತೂ ನನ್ನ ಚೀಲದ ಬಾಯಿಗೇ ಕೊಕ್ಕು ಹಾಕಿ ಕಾಗದದ ಪೊಟ್ಟಣ ಎಳೆಯಿತು. ಬೆಣ್ಣೆ ಹಚ್ಚಿದ ಬ್ರೆಡ್ಡು, ಬೇಯಿಸಿದ ಮೊಟ್ಟೆ ಎಲ್ಲಾ ಹುಲ್ಲಿನ ಮೇಲೆ ಬಿದ್ದವು.

ಅತ್ತೆ ಬಿದ್ದದ್ದನ್ನು ನೋಡಿದರು. ಬಾತುಗಳನ್ನು ನೋಡಿದರು. ಗಾಡಿಯನ್ನು ತಾವೇ ಮನೆಯ ಕಡೆ ತಿರುಗಿಸಿದರು. ದಾರಿಯುದ್ದಕ್ಕೂ ಮಾತಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಮ್ಮದು ಐದನೇ ಮಹಡಿ, ಲಿಫ್ಟಿಲ್ಲ. ಮಗುವನ್ನು ಎತ್ತಿಕೊಂಡು ಹತ್ತುತ್ತಿದ್ದೆ. ಮೂರನೇ ಮಹಡಿಯ ತಿರುವಿನಲ್ಲಿ ಕಿವಿ ಗುಂಯ್‌ಗುಟ್ಟಿತು, ಕಣ್ಣಿಗೆ ಕತ್ತಲೆ ಕಟ್ಟಿತು. ಮೆಟ್ಟಿಲು ಎಲ್ಲಿದೆ ಎಂದು ಕಾಲಿಗೆ ತಿಳಿಯಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಜಾರುತ್ತಾ ಕೂತುಬಿಟ್ಟೆ. ಮಗುವನ್ನು ಬಿಡಲಿಲ್ಲ. ಬಿಡಲಿಲ್ಲ ಎಂದು ಇಲ್ಲಿ ಎರಡು ಸಲ ಬರೆಯುತ್ತೇನೆ. ಆದರೆ ಇನ್ನೊಂದು ಗಳಿಗೆಯಾಗಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ.

ಅತ್ತೆ ಮಂಡಿನೋವು ಮರೆತು ಎರಡೆರಡು ಮೆಟ್ಟಿಲು ಹತ್ತಿ ಬಂದು ಅವಳನ್ನು ಎತ್ತಿಕೊಂಡರು. ಇನ್ನೊಂದು ಕೈಯಿಂದ ನನ್ನ ತಲೆಯನ್ನು ಮಂಡಿಗಳ ನಡುವೆ ಬಗ್ಗಿಸಿದರು. ಆಮೇಲೆ ಪಕ್ಕದ ಮೆಟ್ಟಿಲ ಮೇಲೆ ಕೂತರು.

"ನನ್ನ ಅಡುಗೆ ಅಷ್ಟು ಕೆಟ್ಟದಾ?"

"ಅಲ್ಲ ಅತ್ತೆ."

"ಮತ್ತೆ?"

ಬೆಲ್ಟು ಕೂಡಲಿಲ್ಲ ಎಂದೆ. ಕಿಟಕಿಯಿಲ್ಲದ ಸ್ಟೋರಿನ ವಿಷಯ ಹೇಳಿದೆ. ಅರವತ್ತು ಗ್ರಾಂ ವಿಷಯವೂ ಬಾಯಿಗೆ ಬಂತು. ಅಳು ಬಂದು ಮಾತು ತುಂಡಾಗುತ್ತಿತ್ತು. ದರ್ಜಿಯಮ್ಮ ಮೇಲೆ ಹತ್ತಿ ಬರುತ್ತಿದ್ದವರು ನಮ್ಮನ್ನು ನೋಡಿ, ಏನೋ ಮರೆತವರಂತೆ ಹಾಗೇ ಕೆಳಗಿಳಿದರು.

ಅತ್ತೆ ಮಗುವಿನ ಬೆನ್ನು ತಟ್ಟುತ್ತಾ ಹೇಳಿದರು: "ನಮ್ಮ ಕ್ಯಾಂಟೀನಿಗೆ ಮೂಟೆ ಹೊರೋರು ಬರ್ತಿದ್ರು. ಅವರಿಗೆ ಬೇರೆ ಅಡುಗೆ, ಆಫೀಸಿನೋರಿಗೆ ಬೇರೆ ಅಡುಗೆ. ಯಾರಿಗೆ ಏನು ಬೇಕು ಅಂತ ನೋಡಿ ಬಡಿಸಿದೋಳು ನಾನು. ನಿನಗೆ ಏನು ಬೇಕು ಅಂತ ಮಾತ್ರ ಕೇಳಲೇ ಇಲ್ಲ ನೋಡು. ತುಂಬಿಸ್ತಾ ಹೋದೆ." ಆಮೇಲೆ ಮಗುವಿನ ಕಡೆ ತಿರುಗಿ, "ಮೇಸ್ತ್ರೀ, ನಿಮ್ಮಮ್ಮ ನಾನು ಇಬ್ಬರೂ ದಡ್ಡರು ಕಣೇ" ಎಂದರು.

ಮನೆಗೆ ಹೋಗಿ ಒಂದು ಲೋಟ ಹಾಲು, ಎರಡು ಮೊಟ್ಟೆ, ಒಂದು ತುಂಡು ಬ್ರೆಡ್ಡು ಕೊಟ್ಟರು. ಒಂದೇ ಕಡೆ, ತೆಳ್ಳಗೆ ಬೆಣ್ಣೆ. ಎಲ್ಲವನ್ನೂ ತಿಂದೆ.

ಮಾರ್ಚ್ ೨೨
ತೂಕ: ೫.೧೭ (ಮೇಸ್ತ್ರಿಯದು)

ಬುಧವಾರದವರೆಗೆ ಕಾಯದೆ ಅತ್ತೆ ನಾನು ಇಬ್ಬರೂ ನರ್ಸಿನ ಬಳಿ ಹೋದೆವು. ಈ ಸಲ ನಿಜ ಹೇಳಿದೆ. ಅವರು ಬೈಯಲಿಲ್ಲ. ಎಲ್ಲ ಕೇಳಿ, "ನಿಮ್ಮ ಕ್ರೇನು ಡೀಸೆಲ್ ಇಲ್ದೆ ಓಡುತ್ತಾ?" ಎಂದರು.

"ಅದು ಕರೆಂಟಿಂದ ಓಡೋದು."

"ಸರಿ, ಕರೆಂಟು ತೆಗೆದು ಓಡಿಸಿ ನೋಡೋಣ."

ಅವರು ಹೇಳಿದ್ದು ಇಷ್ಟು. ಮೂರು ಹೊತ್ತು ಊಟ, ನಡುವೆ ಎರಡು ಸಲ ಸಣ್ಣದಾಗಿ ಏನಾದರೂ. ಬಾಯಾರಿದಾಗಲೆಲ್ಲಾ ನೀರು. ಮಗು ಕೇಳಿದಾಗಲೆಲ್ಲಾ ಎದೆಗೆ ಹಾಕಬೇಕು. ಎರಡು ಗಂಟೆ ನಡಿಗೆಯ ನೆಪದಲ್ಲಿ ನಾನು ಅದನ್ನೂ ತಪ್ಪಿಸುತ್ತಿದ್ದೆನಂತೆ. ಹಾಲು ಖಾಲಿಯಾದಷ್ಟೂ ತುಂಬುತ್ತದೆ, ಖಾಲಿ ಮಾಡದಿದ್ದರೆ ಮೈ ತಾನೂ ನಿಲ್ಲಿಸುತ್ತದೆ. ತೂಕ ಇಳಿಯಲಿ, ಆದರೆ ವಾರಕ್ಕೆ ಅರ್ಧ ಕಿಲೋ ಸಾಕು. ತಲೆ ತಿರುಗಿದ್ದಕ್ಕೆ ರಕ್ತ ಪರೀಕ್ಷೆಗೂ ಬರೆದುಕೊಟ್ಟರು.

ಅತ್ತೆಯ ಕಡೆ ತಿರುಗಿ, "ಇಬ್ಬರ ಊಟ ಬೇಡ ಅಜ್ಜಿ. ಒಂದೂಕಾಲು ಸಾಕು. ಕೇಕು ಬೇಡ" ಎಂದರು.

ಅತ್ತೆ ಮುಖ ಊದಿಸಿಕೊಂಡರು. ಒಂದೂಕಾಲು ಊಟ ಅಳೆಯುವುದು ಹೇಗೆ ಎಂದು ಮನೆಯವರೆಗೂ ಗೊಣಗುತ್ತಾ ಬಂದರು. ಬಂದವರೇ ಅಡುಗೆಮನೆಯ ಬಾಗಿಲಿಗೆ ಒಂದು ಕಾಗದ ಅಂಟಿಸಿ ವಾರದ ಪಟ್ಟಿ ಬರೆಯತೊಡಗಿದರು. ಪೆನ್ಸಿಲ್ಲು ಕಿವಿಯ ಸಂದಿಯಲ್ಲಿ. ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷ ಅತ್ತೆ ಹೀಗೆಯೇ ಇದ್ದರೇನೋ.

ಮಾರ್ಚ್ ೨೯
ತೂಕ: ೫.೩೮

ಒಂದು ವಾರಕ್ಕೆ ಇನ್ನೂರ ಹತ್ತು. ನರ್ಸು ಚೀಟಿಯ ಮೇಲೆ ಅಂಕಿಯ ಕೆಳಗೆ ಎರಡು ಗೆರೆ ಎಳೆದರು. ಅತ್ತೆ ಆ ಚೀಟಿಯನ್ನು ತಮ್ಮ ಪಟ್ಟಿಯ ಪಕ್ಕದಲ್ಲೇ ಅಂಟಿಸಿದ್ದಾರೆ.

ನನ್ನ ರಕ್ತದಲ್ಲಿ ಕಬ್ಬಿಣ ಕಡಿಮೆಯಂತೆ, ಮಾತ್ರೆ ಕೊಟ್ಟಿದ್ದಾರೆ. ಒಂಬತ್ತು ವರ್ಷ ಟನ್ನುಗಟ್ಟಲೆ ಕಬ್ಬಿಣ ಎತ್ತಿದವಳಿಗೆ ಕಬ್ಬಿಣದ ಕೊರತೆ ಎಂದು ಇವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮೈತುಂಬ ಬ್ರೆಡ್ಡಿನ ವಾಸನೆಯಿತ್ತು. ಸ್ನಾನ ಮಾಡಿ ಬನ್ನಿ ಎನ್ನಲಿಲ್ಲ.

ಏಪ್ರಿಲ್ ೮

ಬೆಳಿಗ್ಗೆ ಓಟ್ಸು ಹಾಲಿನಲ್ಲಿ ಬೇಯಿಸಿ, ಮೇಲೆ ಬಾಳೆಹಣ್ಣು. ಹತ್ತಕ್ಕೆ ಒಂದು ಹಿಡಿ ಶೇಂಗಾ. ಮಧ್ಯಾಹ್ನ ಬೆಂದ ಕಾಳು, ಹುರಿದ ಸೊಪ್ಪು, ಮೊಸರು. ಬ್ರೆಡ್ಡು ಈಗ ಬಿಳಿಯದಲ್ಲ. ತವುಡು ತೆಗೆಯದ ಹಿಟ್ಟಿನ ಬ್ರೆಡ್ಡನ್ನು ನನಗೆಂದೇ ಇವರು ಮಾಡಿಕೊಂಡು ಬರುತ್ತಾರೆ. ಮೊದಲ ದಿನದ್ದು ಇಟ್ಟಿಗೆಯಂತಿತ್ತು. "ಇದನ್ನ ಸೈಟಿಗೆ ಕಳಿಸೋ, ಗೋಡೆ ಕಟ್ತಾರೆ" ಎಂದರು ಅತ್ತೆ. ಮೂರನೇ ದಿನಕ್ಕೆ ಹದ ಸಿಕ್ಕಿತು. ಈಗ ಬೇಕರಿಗೆ ಬರುವವರೂ ಕೇಳುತ್ತಿದ್ದಾರಂತೆ.

ಸಂಜೆ ಬೇಯಿಸಿದ ಗೆಣಸು. ರಾತ್ರಿ ಮೀನಿನ ಸೂಪು. ಇದನ್ನೆಲ್ಲಾ ಯಾಕೆ ಬರೆಯುತ್ತಿದ್ದೇನೋ. ಚೆನ್ನಾಗಿತ್ತು, ಅದಕ್ಕೆ.

ಇವತ್ತಿನಿಂದ ನಮ್ಮ ಕಟ್ಟಡದ ಮೆಟ್ಟಿಲು. ತೊಂಬತ್ತು ಮೆಟ್ಟಿಲು, ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಮೊದಲು ಮೇಸ್ತ್ರಿಗೆ ಕುಡಿಸಿಬಿಡಬೇಕು, ಇಲ್ಲದಿದ್ದರೆ ಎದೆ ಕಲ್ಲಾಗಿ ಪ್ರತಿ ಮೆಟ್ಟಿಲಿಗೂ ನೋಯುತ್ತದೆ. ನಿಂತು ಸುಧಾರಿಸಿಕೊಂಡದ್ದು ನಾಲ್ಕು ಸಲ.

ಏಪ್ರಿಲ್ ೨೦
ತೂಕ: ೬.೦೫

ಧೈರ್ಯ ಮಾಡಿ ಸೇಫ್ಟಿ ಸಾಹೇಬರಿಗೆ ಫೋನು ಮಾಡಿದೆ. ಬೆಲ್ಟಿಗೆ ಪಟ್ಟಿ ಜೋಡಿಸಲಾಗುತ್ತದೆಯೇ ಎಂದು ಕೇಳಲು. ಹಾಗೆ ಜೋಡಿಸುವುದು ನಿಯಮಕ್ಕೆ ವಿರುದ್ಧ ಎಂದು ಗೊತ್ತಿದ್ದೂ ಕೇಳಿದೆ.

"ಜೋಡಿಸೋದು ಯಾಕೆ? ದೊಡ್ಡ ಸೈಜ್ ತರಿಸಿದ್ದೀನಲ್ಲ. ನೀವು ಬಂದು ಹೋದ ಮಾರನೇ ದಿನವೇ ಬರೆದು ಕಳಿಸಿದ್ದೆ. ನಿಮ್ಮ ಗೂಟಕ್ಕೇ ತೂಗುಹಾಕಿದೆ, ಒಂದು ತಿಂಗಳಾಯ್ತು."

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ.

"ಹಲೋ? ಬೆಲ್ಟು ನಮ್ಮ ಜವಾಬ್ದಾರಿ ಕಣಮ್ಮ. ಏಣಿ ನಿಮ್ಮದು. ನೀವು ಏಣಿ ನೋಡ್ಕೊಳ್ಳಿ."

ಫೋನು ಇಟ್ಟು ನೆಲದ ಮೇಲೆ ಕೂತು ಬಹಳ ಹೊತ್ತು ನಕ್ಕೆ. ಮೇಸ್ತ್ರಿ ಚಾಪೆಯ ಮೇಲೆ ಮಲಗಿ ನನ್ನನ್ನೇ ನೋಡುತ್ತಿದ್ದಳು. ಸೌತೆಕಾಯಿ, ನಿಂಬೆನೀರು, ಬಾತುಗಳು, ಆ ಮೂರನೇ ಮಹಡಿಯ ತಿರುವು. ಆ ಬೆಲ್ಟು ಇಷ್ಟು ದಿನವೂ ಗೂಟದಲ್ಲೇ ಇತ್ತು. ನಗು ನಿಂತ ಮೇಲೆ ಅವಳನ್ನು ಎತ್ತಿಕೊಂಡೆ. ಗಲ್ಲದ ಕೆಳಗೆ ಮಡಿಕೆ ಬಿದ್ದಿದೆ. ಮಣಿಕಟ್ಟಿಗೆ ದಾರ ಕಟ್ಟಿದ ಹಾಗೆ ಒಂದು ಗೆರೆ. ಯಾವಾಗ ಬಂತೋ.

ಮೂರು ಸಲ ಮೇಲೆ, ಮೂರು ಸಲ ಕೆಳಗೆ.

ಮೇ ೬

ಇವರು ಐದು ಕಿಲೋದ ಹಿಟ್ಟಿನ ಚೀಲ ತಂದರು, ಬೆನ್ನಿಗೆ ಕಟ್ಟಿಕೊಂಡು ಹತ್ತಲು. ಎರಡು ಸಲ ಹತ್ತಿ ಇಳಿದೆ. ಮೂರನೇ ಸಲ ಚೀಲದ ಹೊಲಿಗೆ ಬಿಟ್ಟು ನಾಲ್ಕನೇ ಮಹಡಿಯಿಂದ ನೆಲಮಹಡಿಯವರೆಗೆ ಮೆಟ್ಟಿಲೆಲ್ಲಾ ಬೆಳ್ಳಗಾದವು. ದರ್ಜಿಯಮ್ಮ ಪೊರಕೆ ಹಿಡಿದು ಹೊರಬಂದರು. ಬೈಯುತ್ತಾರೆಂದುಕೊಂಡೆ. "ಹರಿದ ಚೀಲ ಇತ್ಲಾಗೆ ಕೊಡಿ" ಎಂದು ಒಳಗೆ ಹೋಗಿ, ದಪ್ಪ ಬಟ್ಟೆಯ ಚೀಲವನ್ನೇ ಹೊಲಿದು ತಂದರು. ಎರಡು ಪಟ್ಟಿ, ಎದೆಯ ಮೇಲೆ ಗುಂಡಿ.

"ಆ ನಿಂಬೆನೀರಿನ ಮಾತು ನಾನು ನಿಮಗೆ ಹೇಳಬಾರದಿತ್ತು" ಎಂದರು. ಮೆಟ್ಟಿಲ ಮೇಲೆ ನಮ್ಮನ್ನು ನೋಡಿದ ದಿನದಿಂದ ಅವರಿಗೆ ಅದೇ ಕೊರಗಂತೆ. "ಆ ಒಂಬತ್ತು ಕಿಲೋ ಮದುವೆ ಮುಗಿದ ಎರಡೇ ತಿಂಗಳಲ್ಲಿ ನೆಂಟರ ಸಮೇತ ವಾಪಸ್ ಬಂತು."

ಅತ್ತೆ ಅವರಿಗೂ ಒಂದು ಬಟ್ಟಲು ಕಾಳು ಹಾಕಿಕೊಟ್ಟರು.

ಮೇ ೧೯

ಹಾಲು ಹಿಂಡುವ ಯಂತ್ರ ಕಲಿಯುತ್ತಿದ್ದೇನೆ. ಅದರ ಗುರ್‌ಗುರ್ ಸದ್ದಿಗೆ ಮೇಸ್ತ್ರಿ ನಗುತ್ತಾಳೆ. ಬಾಟಲಿ ಕೊಟ್ಟರೆ ಮಾತ್ರ ನಗುವುದಿಲ್ಲ, ಬಾಯಿಗೆ ಬೀಗ. ನಾನು ಕೊಟ್ಟರೆ ಬೇಡ, ಅತ್ತೆ ಕೊಟ್ಟರೆ ಬೇಡ. ಇವರು ಕೊಟ್ಟಾಗ ಕುಡಿದಳು. ಬೇಕರಿಯಿಂದ ಬಂದ ಬಟ್ಟೆಯಲ್ಲೇ ಇದ್ದರು. ನಮ್ಮ ಮನೆಯಲ್ಲಿ ಎಲ್ಲರಿಗೂ ಆ ವಾಸನೆಯ ಹುಚ್ಚು.

ಕಂಪನಿಗೆ ಬರೆದಿದ್ದೆ: ನಡುವೆ ಎರಡು ಸಲ ಇಪ್ಪತ್ತಿಪ್ಪತ್ತು ನಿಮಿಷ ಬೇಕು, ಇಳಿದು ಹತ್ತಲು ಹೊತ್ತು ಸಾಲದು, ಕ್ಯಾಬಿನ್ನಿನಲ್ಲೇ ಹಿಂಡಿಕೊಳ್ಳುತ್ತೇನೆ. ಉತ್ತರ ಬಂತು, ಒಂದೇ ಸಾಲು. "ಆ ಹೊತ್ತಿನಲ್ಲಿ ಕೊಕ್ಕೆಯಲ್ಲಿ ಭಾರ ಇರಬಾರದು." ಇದನ್ನು ಅವರು ಬರೆಯಬೇಕಿತ್ತೇ.

ಜೂನ್ ೨

ಬೆಳಿಗ್ಗೆ ಅತ್ತೆ ಓಟ್ಸು, ಒಂದು ಮೊಟ್ಟೆ, ಬಾಳೆಹಣ್ಣು ಎದುರಿಗಿಟ್ಟು, ನಾನು ತಿಂದು ಮುಗಿಸುವವರೆಗೆ ಬೆನ್ನು ತಿರುಗಿಸಿ ನಿಂತಿದ್ದರು. ಮಗುವಿಗೆ ಎರಡೂ ಕಡೆ ಕುಡಿಸಿ ಹೊರಟೆ.

ಹೊಸ ಬೆಲ್ಟು. ತೊಡೆಯ ಪಟ್ಟಿ ಟಕ್ಕೆಂದು ಕೂಡಿ, ಕೂಡಿದ ಮೇಲೆ ಎರಡು ಬೆರಳು ಸಡಿಲವೂ ಇತ್ತು. ಸೀಟಿ ಅಣ್ಣ ಈ ಸಲ ಆಕಾಶ ನೋಡಲಿಲ್ಲ, ನನ್ನನ್ನೇ ನೋಡಿ ತಲೆಯಾಡಿಸಿದರು. ಡಾಕ್ಟರು ಗಡಿಯಾರ ಹಿಡಿದುಕೊಂಡು ಲಿಫ್ಟಿನಲ್ಲಿ ಕಟ್ಟಡದ ಮೇಲಕ್ಕೆ ಹೋದರು. ಸೇಫ್ಟಿ ಸಾಹೇಬರು ನನ್ನ ಹಿಂದೆ ಏಣಿಗೆ ಕೈಹಾಕಿದರು.

ಏಣಿ ಕ್ರೇನಿನ ಕಂಬದ ಒಳಗೇ ಇದೆ. ಇಪ್ಪತ್ತೊಂದು ಮೆಟ್ಟಿಲಿಗೊಂದು ಅಟ್ಟಣೆ, ಒಟ್ಟು ಹತ್ತು. ಮೊದಲ ಮೂರು ಅಟ್ಟಣೆ ನೆನಪಿಗೇ ಬರದಷ್ಟು ಸಲೀಸು. ನಾಲ್ಕಕ್ಕೆ ತೊಡೆ ಬಿಸಿಯಾಯಿತು. ಐದರಲ್ಲಿ ಗಾಳಿ ಸಿಕ್ಕಿತು. ನಮ್ಮ ಮನೆಯ ಮೆಟ್ಟಿಲಲ್ಲಿ ಇಲ್ಲದ್ದು ಅದೊಂದೇ, ಕಂಬ ಅಲ್ಲಾಡುವುದು. ಆರರಲ್ಲಿ ಬೇಕೆಂದೇ ನಿಂತೆ. ನಿಲ್ಲಬೇಕಾಗಿರಲಿಲ್ಲ, ಭಯ ಬರುತ್ತದೆಯೇ ಎಂದು ನೋಡಲು ನಿಂತೆ. ಕಿವಿ ಗುಂಯ್‌ಗುಟ್ಟಲಿಲ್ಲ. ಕಣ್ಣು ಮಂಜಾಗಲಿಲ್ಲ. ಕೈಯ ಕೆಳಗೆ ಕಬ್ಬಿಣ ತಣ್ಣಗಿತ್ತು, ಕೆಳಗೆ ಸಾಹೇಬರು ಏದುಸಿರು ಬಿಡುತ್ತಿದ್ದರು.

"ಸುಧಾರಿಸ್ಕೋತೀರಾ ಸರ್?" ಎಂದೆ.

"ನೀವು ನಡೀರಿ, ನಾನು ಬರ್ತೀನಿ" ಎಂದರು. ಎಂಟರವರೆಗೆ ಬಂದು ಅಲ್ಲಿಯೇ ಕೂತರು.

ಹತ್ತನೇ ಅಟ್ಟಣೆಗೆ ಬಂದಾಗ ಹನ್ನೊಂದು ನಿಮಿಷ ನಲವತ್ತು ಸೆಕೆಂಡು. ಡಾಕ್ಟರು ಕಟ್ಟಡದಿಂದ ಕ್ರೇನಿಗೆ ಹಾಸಿದ ಹಲಗೆಯ ಮೇಲೆ ಈಚೆ ಬಂದು, ಕಂಬಿ ಗಟ್ಟಿಯಾಗಿ ಹಿಡಿದುಕೊಂಡೇ ನನ್ನ ನಾಡಿ ನೋಡಿದರು. ಎರಡು ನಿಮಿಷ ಬಿಟ್ಟು ಮತ್ತೆ ನೋಡಿದರು. "ನಿಮ್ಮದು ಸರಿಯಿದೆ. ಇಲ್ಲಿ ನಿಂತು ನನ್ನದೇ ಜಾಸ್ತಿಯಾಗಿದೆ" ಎಂದು ಸಹಿ ಹಾಕಿದರು.

ಕ್ಯಾಬಿನ್ನಿನ ಬಾಗಿಲು ತೆಗೆದೆ. ಕುರ್ಚಿಯನ್ನು ಯಾರೋ ಹಿಂದಕ್ಕೆ ಸರಿಸಿದ್ದರು. ನನ್ನ ಅಳತೆಗೆ ಮುಂದಕ್ಕೆ ತಂದುಕೊಂಡು ಕೂತೆ.

ಜೂನ್ ೩
ತೂಕ: ೨.೪ ಟನ್. ಗಾಳಿ: ಸಾಧಾರಣ.

ಮೊದಲ ದಿನ. ಸರಳುಗಳ ಕಟ್ಟು, ಹದಿನಾಲ್ಕನೇ ಮಹಡಿಗೆ. ಕೈ ಮರೆತಿರಲಿಲ್ಲ. ಇಟ್ಟದ್ದು ಸದ್ದೇ ಆಗಲಿಲ್ಲ ಎಂದು ಮೇಲಿನವರು ವಾಕಿಟಾಕಿಯಲ್ಲಿ ಹೇಳಿದರು.

ಹನ್ನೊಂದಕ್ಕೆ ಕೊಕ್ಕೆ ಖಾಲಿ ಮಾಡಿ, ಪರದೆ ಎಳೆದು ಯಂತ್ರ ಹಚ್ಚಿದೆ. ಇಪ್ಪತ್ತು ನಿಮಿಷಕ್ಕೆ ನಲವತ್ತು ಮಿಲಿ. ಮನೆಯಲ್ಲಿ ನೂರು ಬರುತ್ತಿತ್ತು. ಮೊದಲಾಗಿದ್ದರೆ ಕುಸಿದುಬಿಡುತ್ತಿದ್ದೆನೇನೋ. ನೀರು ಕುಡಿದು, ಶೇಂಗಾ ತಿಂದು, ಬಾಟಲಿಯನ್ನು ಮುಚ್ಚಳವಿರುವ ಚೀಲಕ್ಕೆ ಹಾಕಿ ಹಗ್ಗದಲ್ಲಿ ಇಳಿಸಲು ಸಿದ್ಧಳಾದೆ. ಕೆಳಗೆ ಗೇಟಿನ ಬಳಿ ಇವರು, ಬೇಕರಿಯಿಂದ ಬೇಗ ಬಂದು, ಐಸು ಡಬ್ಬಿ ಹಿಡಿದು ನಿಂತಿದ್ದರು.

ಸೀಟಿ ಅಣ್ಣ ಉದ್ದಕ್ಕೆ ಸೀಟಿ ಊದಿದರು. ಕೆಳಗಿದ್ದವರೆಲ್ಲಾ ಹಿಂದೆ ಸರಿದು ಜಾಗ ಬಿಟ್ಟರು. ಕಾಂಕ್ರೀಟು ಬರುವಾಗ ಸರಿಯುವ ಹಾಗೆಯೇ.

"ಅಣ್ಣಾ, ನಲವತ್ತು ಮಿಲಿ. ಇದಕ್ಕೆ ಸೀಟಿ ಯಾಕೆ?" ಎಂದೆ ವಾಕಿಟಾಕಿಯಲ್ಲಿ.

"ಸರಕು ಸರಕೇ ತಂಗಿ. ನಿಧಾನ ಇಳಿಸು."

ಇಳಿಸಿದೆ. ಅವರೇ ಎರಡೂ ಕೈಯಲ್ಲಿ ಹಿಡಿದುಕೊಂಡು ಇವರಿಗೆ ಒಪ್ಪಿಸಿದರು.

ಜೂನ್ ೧೭

ಅರವತ್ತು ಮಿಲಿ. ಆಯಾಸ. ಊಟದ ಡಬ್ಬಿಯಲ್ಲಿ ಅತ್ತೆ ಸೊಪ್ಪಿನ ರೊಟ್ಟಿ ಇಟ್ಟಿದ್ದರು. ಪೂರ್ತಿ ತಿಂದೆ.

ಜುಲೈ ೨೦
ಗಾಳಿ: ಇಲ್ಲವೇ ಇಲ್ಲ.

ಕಟ್ಟಡ ಏರಿದ ಹಾಗೆ ಕ್ರೇನೂ ಏರಬೇಕು. ಶನಿವಾರ, ಭಾನುವಾರ ಕೆಲಸ ನಿಲ್ಲಿಸಿ ಕಂಬಕ್ಕೆ ಮೂರು ತುಂಡು ಜೋಡಿಸಿದರು. ಅಂದರೆ ಇನ್ನೂ ಅರವತ್ತಮೂರು ಮೆಟ್ಟಿಲು. ಬೆಳಿಗ್ಗೆ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, "ಮಗುವಿಗೆ ಇನ್ನೂ ಕುಡಿಸ್ತಿದ್ದೀರಿ. ಬೇಕಾದ್ರೆ ಒಂದೆರಡು ತಿಂಗಳು ಪಕ್ಕದ ಸೈಟಿನ ಚಿಕ್ಕ ಕ್ರೇನು ತಗೊಳ್ಳಿ. ಯಾರೂ ಏನೂ ಅನ್ಕೊಳ್ಳಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

"ಊಟ ಮಾಡ್ಕೊಂಡು ಬಂದಿದ್ದೀನಿ ಸರ್" ಎಂದೆ. ಅದು ಉತ್ತರವಾಯಿತೋ ಇಲ್ಲವೋ ತಿಳಿಯದು. ಅವರು ನಕ್ಕು ದಾರಿ ಬಿಟ್ಟರು.

ಹಳೆಯ ತುದಿ ದಾಟುವಾಗ ಒಂದು ಗಳಿಗೆ ನಿಂತು ಮತ್ತೆ ಹತ್ತಿದೆ. ಹೊಸ ಮೆಟ್ಟಿಲುಗಳ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಕ್ಯಾಬಿನ್ನಿನಲ್ಲಿ ಕೂತು, ತೋಳನ್ನು ಒಂದು ಸುತ್ತು ತಿರುಗಿಸಿ ನೋಡುತ್ತಿದ್ದೆ. ಆಸ್ಪತ್ರೆಯ ನೀರಿನ ಟ್ಯಾಂಕು, ಇಷ್ಟು ದಿನ ಕಣ್ಣಿಗೆ ಅಡ್ಡವಾಗಿದ್ದದ್ದು, ಈಗ ಕೆಳಗಿತ್ತು. ಅದರ ಹಿಂದೆ ಒಂದು ತಾರಸಿ. ತಾರಸಿಯ ಮೇಲೆ ಹಳದಿ ಹೊದಿಕೆ, ಸಾಲಾಗಿ ಪುಟ್ಟ ಬಟ್ಟೆಗಳು. ಆ ಹೊದಿಕೆಯನ್ನು ನಾನೇ ಬೆಳಿಗ್ಗೆ ಹಿಂಡಿಟ್ಟು ಬಂದಿದ್ದೆ.

ನಮ್ಮ ಮನೆ. ಒಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಕುರ್ಚಿಯಿಂದ ನನ್ನ ಮನೆ ಕಂಡಿತು.

ಅತ್ತೆ ಬಟ್ಟೆಗಳ ನಡುವಿನಿಂದ ಈಚೆ ಬಂದರು, ಸೊಂಟದ ಮೇಲೆ ಮೇಸ್ತ್ರಿ. ಅತ್ತೆ ನಡೆಯುವ ರೀತಿಯಿಂದಲೇ ಗುರುತು ಹಿಡಿದೆ. ಕ್ರೇನು ತಿರುಗಿದ್ದು ಅವರಿಗೂ ಕಂಡಿರಬೇಕು. ನಿಂತರು. ಹಣೆಗೆ ಕೈಯಿಟ್ಟು ಈ ಕಡೆ ನೋಡಿದರು. ಆಮೇಲೆ ಮಗುವನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ ಹಿಡಿದರು. ಏಳು ಕಿಲೋ ದಾಟಿದ ಮಗುವನ್ನು, ಅರವತ್ತನಾಲ್ಕು ವರ್ಷದ ಮುದುಕಿ. ಮೇಸ್ತ್ರಿ ನನ್ನ ಕಡೆ ನೋಡಲೇ ಇಲ್ಲ, ಹಗ್ಗದ ಮೇಲಿನ ಬಟ್ಟೆ ಹಿಡಿಯಲು ಕೈಚಾಚುತ್ತಿದ್ದಳು.

ಎದೆ ಜುಮ್ಮೆಂದಿತು. ಎರಡೂ ಕಡೆ ಹಾಲು ಜಿನುಗಿ ಅಂಗಿ ಒದ್ದೆಯಾಯಿತು. ಯಂತ್ರಕ್ಕೆ ಕೈಹಾಕುವಷ್ಟರಲ್ಲಿ ತೊಟ್ಟಿಕ್ಕುತ್ತಿತ್ತು. ಕೊಕ್ಕೆಯಲ್ಲಿ ಭಾರವಿರಲಿಲ್ಲ. ಪರದೆ ಎಳೆಯಲಿಲ್ಲ, ಅಷ್ಟೆತ್ತರದಲ್ಲಿ ನೋಡಲು ಯಾರೂ ಇಲ್ಲ. ತಾರಸಿಯನ್ನೇ ನೋಡುತ್ತಾ ಕೂತೆ. ಒಂದು ಬಾಟಲಿ ಕಂಠದವರೆಗೆ ತುಂಬಿ ನೊರೆ ಬಂತು, ಇನ್ನೊಂದನ್ನು ಹುಡುಕಬೇಕಾಯಿತು.

ಕೆಳಗಿನಿಂದ ವಾಕಿಟಾಕಿ ಕರಕರ ಎಂದಿತು. "ತಂಗೀ, ಮೇಲೆ ಎಲ್ಲಾ ಸರಿಯಿದೆಯಾ?"

"ಸರಿಯಿದೆ ಅಣ್ಣಾ. ಜಾಗ ಬಿಡಿಸಿ. ಎರಡು ಬಾಟಲಿ ಇಳಿಸ್ತೀನಿ."